ಬಸ್ಸು ಹತ್ತಿದ ಬಾಟಲಿ

ಬಸ್ಸಿನಲ್ಲಿ ಮೂತ್ರದ ಬಾಟಲಿಗೆ ಟಿಕೀಟು ತೆಗೆಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಸವಣೂರಿನ ದವಾಖಾನೆಯಲ್ಲಿ ರಕ್ತ-ಮೂತ್ರ ಪರೀಕ್ಷೆ ಮಾಡುತ್ತಿದ್ದ ನಮ್ಮ ಅಪ್ಪನ ತಮ್ಮ, ಕಾಕಾ!

ಅದು ಐವತ್ತರ ದಶಕ. ಹತ್ತಿಮತ್ತೂರಿನಲ್ಲಿ ನಮ್ಮ ಅವ್ವನ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯಲಿಲ್ಲ. ಮರ್ಯಾದಸ್ಥರ ಮನೆಯ ಹೆಂಗಸು ದವಾಖಾನೆಗೆ ಹೋಗಿ ಮೂತ್ರ ಕೊಡುವುದುಂಟೇ? ಬಾಟಲಿ ತುಂಬಿ ಬಸ್ಸಿನವರ ಕೈಗೆ ಕೊಟ್ಟೆವು. ಅದು ಊರೂರು ತಿರುಗಿ ಸಂಜೆ ಸವಣೂರು ತಲುಪಿತು. ಕಾಕಾ ಮರುದಿನ ಅದನ್ನು ನೀಲಿ ದ್ರಾವಣದಲ್ಲಿ ಕುದಿಸಿದರು. ಸಕ್ಕರೆ ಇದ್ದರೆ ಬಣ್ಣ ತಿರುಗಬೇಕು, ತಿರುಗಲಿಲ್ಲ. ‘ಸಕ್ಕರೆ ಇಲ್ಲ’ ಎಂದು ಬರೆದು ಕಳಿಸಿದರು. ಅವ್ವ ಖುಷಿಯಿಂದ ಹೋಳಿಗೆ ತಿಂದಳು.

ಸವಣೂರಿನ ಕಾಕಾನ ಮನೆಗೆ ಹೋದಾಗ, ಅವ್ವ ಮೂತ್ರಕ್ಕೆ ಕೂತ ಬಚ್ಚಲಲ್ಲಿ ಇರುವೆ ಮುತ್ತುತ್ತಿವೆ ಎಂದು ನಾನು ಮಾತಿಗೆ ಹೇಳಿದ್ದೇ ತಡ, ಕಾಕಾನ ಮುಖ ಬಿಳಿಚಿತು.

“ಇರುವಿ ಸುಳ್ಳು ಹೇಳಂಗಿಲ್ಲೋ. ನಾ ಬರದದ್ದೇ ಸುಳ್ಳಿರಬೇಕು.”

ಶುರುವಾಯಿತು ನೋಡಿ ಹುಚ್ಚು! ಸಕ್ಕರೆ ಬೇನೆ ಇದ್ದ ಎಲೆತೋಟದ ಸಾಹೇಬರಿಂದ ಮೂತ್ರ ಬೇಡಿ ತಂದರು. ಒಂದು ಪಾಲು ಆಗಲೇ ಕುದಿಸಿದರು, ಹಳದಿಯಾಯಿತು. ಇನ್ನೆರಡು ಬಾಟಲಿಯಲ್ಲಿ ಒಂದು ತಂಪಿಗೆಂದು ಕುಡಿಯುವ ನೀರಿನ ಹರವಿಗೆ ಇಳಿಯಿತು. ಕಾಕಾನ ಹೆಂಡತಿ ಕಾಕು ಮಾತೇ ಬಿಟ್ಟಳು! ಇನ್ನೊಂದು ಬಸ್ಸು ಹತ್ತಿತು.

“ಏನ್ರೀ ಇದು, ಶರಬತ್ತೇನು?” ಎಂದ ಕಂಡಕ್ಟರ್.

“ಉಚ್ಚಿ. ಹಿರೇಕೆರೂರಿಗೆ ಹೋಗಿ ತಿರುಗಿ ಬರ್ತೈತಿ. ಟಿಕೀಟು ಕೊಡ್ರಿ, ದಾರ್ಯಾಗ ಇಳಿಸಬ್ಯಾಡ್ರಿ.”

ಮರುದಿನ ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಲು ಕಾಕಾ ನನಗೆ ಹೇಳಿದರು.

“ಯಾವುದು ಬಸ್ಸಿಂದಂತ ನನಗ ಹೇಳಬ್ಯಾಡ. ನನ್ನ ಕಣ್ಣು ನನಗ ಬೇಕಾದ ಬಣ್ಣಾನ ನೋಡ್ತಾವು.”

“ಮದುವ್ಯಾಗಿ ಇಷ್ಟು ವರ್ಷಕ್ಕ ಒಂದು ಖರೆ ಮಾತಾಡಿದ್ರಿ!” ಎಂದು ಕಾಕು ಮೌನ ಮುರಿದಳು.

ಮೂರು ಸಲ ಹೀಗೇ ಮಾಡಿದರು. ಮೂರು ಸಲವೂ ಹರವಿಯ ಬಾಟಲಿ ಹಳದಿಯಾಯಿತು, ಬಸ್ಸಿನದು ನೀಲಿಯೇ ಉಳಿಯಿತು. ಬಿಸಿಲಲ್ಲಿ ಹುಟ್ಟಿದ, ಕಣ್ಣಿಗೆ ಕಾಣದ ಹುಳಗಳು ದಾರಿಯಲ್ಲೇ ಸಕ್ಕರೆ ತಿಂದು ಮುಗಿಸಿದ್ದವು.

ಕಾಕಾ ಸ್ಪಿರಿಟ್ ದೀಪ ಹಿಡಿದು ನಮ್ಮ ಮನೆಗೇ ಬಂದರು. ಅವ್ವ ಕೊಟ್ಟದ್ದನ್ನು ಆ ಕ್ಷಣವೇ ಅಂಗಳದಲ್ಲಿ ಕುದಿಸಿದರು. ಹಳದಿ! ಗೆದ್ದೆನೆಂದು ಕುಣಿಯುತ್ತಾರೆ ಅಂದುಕೊಂಡೆ. ಕಾಕಾ ನೆಲದ ಮೇಲೆ ಕುಳಿತು ಗಳಗಳ ಅತ್ತರು.

ಅವ್ವನನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದೊಯ್ದೆವು. ಎರಡು ಬೆರಳು ಹೋದವು, ಕಾಲು ಉಳಿಯಿತು. ಆಮೇಲೆ ಕಾಕಾ ಮನೆಗೆ ಬಂದರೂ ಅವ್ವನ ಕಾಲಿನ ಕಡೆ ನೋಡುತ್ತಿರಲಿಲ್ಲ. ಒಂದು ದಿನ ಅವ್ವ ತಡೆಯಲಾರದೆ ಕೇಳಿದಳು:

“ಹೋದ ಬೆರಳು ನನ್ನವು, ನಾನ ಮರ್ತೇನಿ. ನೀವ್ಯಾಕ ಇನ್ನೂ ತಲಿ ಬಗ್ಗಿಸ್ತೀರಿ?”

“ಆ ಕಾಗದಾ ನಾ ಬರದಿದ್ದೆ, ವೈನಿ.”

“ಹಂಗಾರ ಇದನ್ನೂ ನೋಡ್ರಿ” ಎಂದು ಅವ್ವ ಎದ್ದಳು. ಕೋಲು ಹಿಡಿಯದೆ ಅಂಗಳದ ಆ ತುದಿಯವರೆಗೆ ನಡೆದು, ತಿರುಗಿ ಬಂದು ಅವರ ಮುಂದೆ ನಿಂತಳು. ಕಾಕಾ ನೋಡಿದರು.