ಕವಿತೆಗೆ ಎದುರುತ್ತರ

ಕವಿತೆ ಬರೆಯುವವನಿಗೆ ಊರಿನಲ್ಲಿ ಶತ್ರುಗಳು ಇರುವುದಿಲ್ಲ, ದೂರ ಸರಿಯುವವರು ಮಾತ್ರ ಇರುತ್ತಾರೆ. ಮಣಿಪಾಲದ ನಮ್ಮ ಕಚೇರಿಯಲ್ಲಿ ಊಟದ ಹೊತ್ತಿಗೆ ನಾನು ಕಿಸೆಗೆ ಕೈ ಹಾಕಿದರೆ ಸಾಕು, ಎದುರು ಕುಳಿತವರಿಗೆ ತುರ್ತು ಫೋನು ಬರುತ್ತದೆ. ನಾನು ತೆಗೆಯುವುದು ಕರವಸ್ತ್ರವಾದರೂ ಅಷ್ಟೇ. ಮನೆಯಲ್ಲಿ ಹೆಂಡತಿ ಜಯಂತಿಗೆ ಓದಿ ಹೇಳೋಣವೆಂದರೆ ಅವಳು, "ಓದಿ, ಓದಿ, ಕೇಳ್ತಾ ಇದ್ದೇನೆ" ಎನ್ನುತ್ತಾ ಮಿಕ್ಸಿ ಹಾಕುತ್ತಾಳೆ. ನಾನು ಬರೆದ ಕವಿತೆಗಳಲ್ಲಿ ಅರ್ಧಕ್ಕರ್ಧ ಅವಳ ಮೇಲೆಯೇ ಇವೆ. ಅವುಗಳಲ್ಲಿ ಒಂದನ್ನಾದರೂ ಅವಳು ಕೊನೆಯ ಸಾಲಿನವರೆಗೆ ಕೇಳಬೇಕು ಎಂಬುದು ನನ್ನ ಬಹುಕಾಲದ ಆಸೆ. ನಾಲ್ಕು ಜನ ಚಪ್ಪಾಳೆ ತಟ್ಟಿದ್ದು ಕಿವಿಗೆ ಬಿದ್ದರೆ ಮನೆಯವರಿಗೂ ಕುತೂಹಲ ಹುಟ್ಟೀತು ಎಂದು ಯೋಚಿಸಿ ನಾನು ಪರ್ಕಳದಲ್ಲಿ ಒಂದು ಕಾವ್ಯಕೂಟವನ್ನು ಕಟ್ಟಿದೆ. ಸಮಾಜದ ಒಳಿತಿಗಾಗಿ ಎಂದು ಹೊರಗೆ ಹೇಳಿಕೊಂಡೆ. ಅದನ್ನು ಕೇಳಿ ಸಮಾಜವೇನೂ ಓಡಿ ಬರಲಿಲ್ಲ.

ಬಂದವರು ಇಬ್ಬರು. ಗಲ್ಫಿನಿಂದ ಮರಳಿ ಕಾಪುವಿನಲ್ಲಿ ನೆಲೆಸಿದ ಸದಾನಂದರು ಮತ್ತು ಕಾರ್ಕಳದ ಪ್ರಭಾವತಿ ಟೀಚರ್. ಇಬ್ಬರೂ ಕವಿಗಳೇ. ಟೈಲರ್ ಅಂಗಡಿಯೊಂದರ ಮಾಳಿಗೆಯಲ್ಲಿ ತಿಂಗಳಿಗೊಂದು ಭಾನುವಾರ ಸೇರುತ್ತಿದ್ದೆವು. ನಮ್ಮ ಜಿಲ್ಲೆಯಲ್ಲಿ ಪ್ರಾರ್ಥನೆ, ಸ್ವಾಗತ, ಅಧ್ಯಕ್ಷತೆ, ಧನ್ಯವಾದ ಇಲ್ಲದೆ ಇಬ್ಬರು ಕೂತು ಚಹಾ ಕುಡಿಯುವುದೂ ಕಷ್ಟ. ಆದ್ದರಿಂದ ನಾನು ಸ್ವಾಗತಿಸಿದೆ, ಟೀಚರ್ ಅಧ್ಯಕ್ಷತೆ ವಹಿಸಿದರು, ಸದಾನಂದರು ಧನ್ಯವಾದ ಹೇಳಿದರು. "ಸಭಿಕ ಬಾಂಧವರೇ" ಎಂದು ಟೀಚರ್ ಎದುರು ನೋಡಿದರೆ ಅಲ್ಲಿ ಕೆಟ್ಟುಹೋದ ಎರಡು ಹೊಲಿಗೆ ಯಂತ್ರಗಳಿದ್ದವು. ಒಬ್ಬರು ಓದುವಾಗ ಉಳಿದಿಬ್ಬರು ತಮ್ಮ ಕವಿತೆಯನ್ನು ತಿದ್ದುತ್ತಾ, ಉಸಿರು ಎಳೆದುಕೊಳ್ಳುವ ಜಾಗದಲ್ಲೆಲ್ಲ "ವಾಹ್" ಎನ್ನುತ್ತಿದ್ದೆವು. ಕೇಳುವವರೇ ಇಲ್ಲದಿದ್ದರೆ ಮುಂದಿನ ತಿಂಗಳು ಕೂಟವನ್ನು ಮುಚ್ಚುವುದೇ ಲೇಸು ಎಂದು ಟೀಚರ್ ಅಧ್ಯಕ್ಷೀಯ ಭಾಷಣದಲ್ಲೇ ಹೇಳಿಬಿಟ್ಟರು.

ಆಗ ನಾನು ಕರೆತಂದದ್ದು ಬೆಳ್ಮಣ್ಣಿನ ವಾಸುದೇವಣ್ಣನನ್ನು. ಗದ್ದೆ ಬೇಸಾಯದ ಮನುಷ್ಯ, ಆದರೆ ಹೆಸರು ಮಾಡಿದ್ದು ತಾಳಮದ್ದಳೆಯಲ್ಲಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ; ಕುಳಿತವರು ಒಂದೊಂದು ಪಾತ್ರವಾಗಿ ಅದಕ್ಕೆ ಅರ್ಥ ಹೇಳುತ್ತಾರೆ; ಒಬ್ಬರು ಕೇಳಿದ್ದಕ್ಕೆ ಎದುರಿನವರು ಅಲ್ಲೇ ಉತ್ತರ ಕೊಡಬೇಕು, ಸುಮ್ಮನಿದ್ದರೆ ಸೋತಂತೆ. ಈ ಮನುಷ್ಯ ಸುಮ್ಮನೆ ಕೂತು ಕೇಳುತ್ತಾನೆ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ.

ಸದಾನಂದರು ಕಾಪು ದೀಪಸ್ತಂಭದ ಮೇಲೆ ಬರೆದದ್ದನ್ನು ಓದಿದರು. "ಓ ದೀಪಸ್ತಂಭವೇ, ನೀನೇಕೆ ಇಷ್ಟು ಒಂಟಿ?" ಎಂದು ಮುಗಿಸಿ ಕಣ್ಣು ಮುಚ್ಚಿದರು. ಕವಿಗಳಾದ ನಾವು ಅದನ್ನು ಮೌನದ ಕ್ಷಣ ಎನ್ನುತ್ತೇವೆ. ವಾಸುದೇವಣ್ಣನಿಗೆ ಅದು ತನ್ನ ಸರದಿ ಎಂದು ಕಂಡಿತು. ಹೆಗಲ ಶಾಲನ್ನು ಸರಿಪಡಿಸಿಕೊಂಡು ಗುಡುಗಿದರು: "ಎಲವೋ ಕವಿಯೇ! ಒಂಟಿ ಎಂದೆಯಾ ನನ್ನನ್ನು? ರಜಾದಿನ ಬಂದು ನೋಡು. ಟಿಕೇಟು ಹಿಡಿದು ನನ್ನ ನೆತ್ತಿಯ ಮೇಲೇರಿ ಸೆಲ್ಫಿ ತೆಗೆಯುವವರ ಸಾಲು ಕಡಲಿನವರೆಗೆ ಹಬ್ಬಿದೆ. ಒಂಟಿತನವೆಂಬುದು ನಿನ್ನಲ್ಲಿದ್ದರೆ ನನಗೂ ಒಂದಿಷ್ಟು ದಯಪಾಲಿಸು!"

ಸದಾನಂದರ ಮುಖ ಇಂಗು ತಿಂದ ಮಂಗನಂತಾಯಿತು. ಟೀಚರ್ ಹೆದರುವವರಲ್ಲ, "ಎಚ್ಚೆತ್ತುಕೋ ಸಮಾಜವೇ, ಇನ್ನೆಷ್ಟು ನಿದ್ರೆ?" ಎಂದು ತಮ್ಮದನ್ನು ಓದಿಯೇ ಬಿಟ್ಟರು. ವಾಸುದೇವಣ್ಣನ ಬಾಯಲ್ಲಿ ಸಮಾಜ ಕೂಡಲೇ ಎದ್ದು ಕೂತಿತು. "ಅಮ್ಮಾ, ಬೆಳಕು ಹರಿಯುವ ಮುನ್ನ ಎದ್ದು ಹಾಲು ಕರೆದು ಡೈರಿಗೆ ಕೊಟ್ಟವ ನಾನು. ಮೊದಲ ಬಸ್ಸು ಓಡಿಸಿದವ ನಾನು, ಮಲ್ಪೆಗೆ ಹೋಗಿ ಮೀನು ತಂದವ ನಾನು. ನನ್ನನ್ನು ಎಬ್ಬಿಸುವ ಈ ಕವಿತೆಯನ್ನು ತಾವು ಬರೆದದ್ದು ಎಷ್ಟು ಗಂಟೆಗೆ ಎದ್ದ ಮೇಲೆ?"

ಮುಗಿಯಿತು ನಮ್ಮ ಕೂಟದ ಕಥೆ ಎಂದುಕೊಂಡೆ. "ವಾಸುದೇವಣ್ಣ, ಇದು ಕವಿಗೋಷ್ಠಿ ಮಾರಾಯ್ರೆ. ಇಲ್ಲಿ ಯಾರೂ ಉತ್ತರ ಕೊಡುವುದಿಲ್ಲ" ಎಂದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಹೌದಾ? ಮತ್ತೆ ಪ್ರಶ್ನೆ ಕೇಳುವುದು ಎಂತಕ್ಕೆ?" ಎಂದರು.

ಆದರೆ ಮುಂದಿನ ತಿಂಗಳು ಹತ್ತಾರು ಜನ ಬಂದರು, ಅದರಾಚೆಯ ತಿಂಗಳು ಕೂರಲು ಜಾಗವಿಲ್ಲ. ಟೀಚರಿಗೆ ಸಮಾಜ ಕೊಟ್ಟ ಉತ್ತರವನ್ನು ಕೆಳಗಿನ ಟೈಲರ್ ಅಂಗಡಿಯವರೇ ಊರಿಗೆಲ್ಲ ಹೇಳಿದ್ದರಂತೆ. ಬಂದವರು ಕೇಳಲು ಬಂದದ್ದು ಕವಿತೆಯನ್ನಲ್ಲ ಎಂಬುದು ನಿಜ. ಆದರೂ ಕವಿತೆ ಕೇಳದೆ ಉತ್ತರ ಅರ್ಥವಾಗದಲ್ಲ, ಹಾಗಾಗಿ ಕಿವಿಗೊಟ್ಟು ಕೇಳುತ್ತಿದ್ದರು. ಟೀಚರ್ ಈಗ ಸಮಾಜವನ್ನು ಬೈಯುವ ಮೊದಲು ಬಸ್ ನಿಲ್ದಾಣದಲ್ಲಿ ನಿಂತು ಅದನ್ನು ನೋಡಿ ಬರುತ್ತಿದ್ದರು. ಕವಿತೆಯಿಂದ ಸಮಾಜಕ್ಕೇನು ಲಾಭ ಎಂದು ಕೇಳುತ್ತಾರಲ್ಲ, ಸಮಾಜದಿಂದ ಕವಿತೆಗೆ ಆದ ಲಾಭವನ್ನು ನಾನು ಕಣ್ಣಾರೆ ಕಂಡೆ. ನಾನು ಮಾತ್ರ ಜಾಣತನ ಮಾಡಿ, ನಿರೂಪಣೆಯ ನೆಪದಲ್ಲಿ ಓದದೆ ಉಳಿದಿದ್ದೆ.

ಒಂದು ಭಾನುವಾರ ನೋಡುತ್ತೇನೆ, ಹಿಂದಿನ ಸಾಲಿನಲ್ಲಿ ಜಯಂತಿ! ಮೀನು ಮಾರ್ಕೆಟಿನಲ್ಲಿ ಸುದ್ದಿ ಕೇಳಿ ಬಂದಳಂತೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಾಸುದೇವಣ್ಣನ ಭಯವನ್ನೂ ಮರೆತು, ಅವಳ ಮೇಲೆ ಬರೆದ 'ಮೌನ' ಎಂಬುದನ್ನು ಓದಲು ನಿಂತೆ. ಹುಣ್ಣಿಮೆಯ ಸಂಜೆ ಅಂಗಳದಲ್ಲಿ ನಿಂತು ಚಂದ್ರನನ್ನೇ ನೋಡುತ್ತಾ ಮೈಮರೆತ ಅವಳನ್ನು ಕಿಟಕಿಯಿಂದ ಕಂಡು ಬರೆದದ್ದು. "ಹೇಳು ಗೆಳತಿ, ಆ ಮೌನದಲ್ಲಿ ಚಂದ್ರನೊಡನೆ ನೀನಾಡಿದ್ದೇನು?" ಎಂದು ಮುಗಿಸಿದೆ.

ವಾಸುದೇವಣ್ಣ ಶಾಲು ಸರಿಪಡಿಸಿಕೊಂಡರು. ಆಮೇಲೆ ನನ್ನ ಕಣ್ಣು ನೆಟ್ಟ ಕಡೆ ಹಿಂದೆ ತಿರುಗಿ ನೋಡಿ, ಕೈಮುಗಿದು ಹೇಳಿದರು: "ಈ ಪಾತ್ರ ನನ್ನದಲ್ಲ. ಪಾತ್ರಧಾರಿ ಸ್ವತಃ ಬಂದಿದ್ದಾರೆ."

ಜಯಂತಿ ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡಿದ್ದನ್ನು ನಾನು ಕಂಡವನಲ್ಲ. "ಚಂದ್ರ ಅಲ್ಲ ಮಾರಾಯ್ರೆ, ನಾನು ನೋಡಿದ್ದು ಟ್ಯಾಂಕ್. ನೀರು ತುಂಬಿ ಹೊರಗೆ ಸುರಿಯುತ್ತಾ ಇತ್ತು. ಮೋಟಾರು ಬಂದ್ ಮಾಡಿ, ಮೋಟಾರು ಬಂದ್ ಮಾಡಿ ಅಂತ ಎಷ್ಟು ಬೊಬ್ಬೆ ಹಾಕಿದೆ! ಸ್ವಿಚ್ಚು ನೀವು ಕೂತಲ್ಲೇ ಉಂಟು. ನಾಲ್ಕನೇ ಸಾಲಿನಲ್ಲಿ 'ಬೆಳದಿಂಗಳ ಮಳೆ' ಅಂತ ಬರೆದಿದ್ದೀರಿ ಅಲ್ವಾ, ಅದು ಟ್ಯಾಂಕಿನ ನೀರು, ನಾನು ನೆನೆದು ಪೂರ್ತಿ ಚಂಡಿ. ನಾನು ಮೌನ ಅಲ್ಲ. ನಾನು ಮಾತಾಡುವಾಗ ನೀವು ಕವಿತೆ ಬರೀತಾ ಇದ್ದಿರಿ, ಅಷ್ಟೇ."

ಮಾಳಿಗೆ ಹಾರಿಹೋಗುವಷ್ಟು ಚಪ್ಪಾಳೆ. ಅವಮಾನದಿಂದ ನನ್ನ ಕಿವಿ ಬಿಸಿಯಾಯಿತು. ಕೂತ ಮೇಲೆ ಹೊಳೆಯಿತು: ನಾಲ್ಕನೇ ಸಾಲು ಎಂದಳಲ್ಲ! ಹಾಗಾದರೆ ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಕೇಳಿದ್ದಾಳೆ. ಅಂದು ಬಸ್ಸಿನಲ್ಲಿ ಅವಳ ಪಕ್ಕ ಕೂತು ಮನೆಗೆ ಬರುವಾಗ ನನಗೆ ಆದಷ್ಟು ಹೆಮ್ಮೆ ಯಾವ ಕವಿಗೂ ಆಗಿರಲಿಕ್ಕಿಲ್ಲ.

ಈಗ ಕೂಟದ ಜಾಹೀರಾತಿನಲ್ಲಿ ಅವಳ ಹೆಸರು ನನ್ನ ಹೆಸರಿಗಿಂತ ಮೇಲೆ ಇರುತ್ತದೆ. ನಾಳೆ ಮತ್ತೆ ಗೋಷ್ಠಿ. ಬೆಳಗಿನಿಂದ ಕಾಗದ ಹಿಡಿದು ಕೂತಿದ್ದೇನೆ, ಒಂದು ಸಾಲೂ ನಿಲ್ಲುತ್ತಿಲ್ಲ; ಬರೆದದ್ದನ್ನೆಲ್ಲ ನಿಜವೋ ಸುಳ್ಳೋ ಎಂದು ಎದ್ದು ಹೋಗಿ ನೋಡಿ ಬರುವುದರಲ್ಲೇ ಹೊತ್ತು ಹೋಗುತ್ತಿದೆ. ಅವಳು ಆಗಲೇ ಎರಡು ಬಾರಿ ಬಾಗಿಲಲ್ಲಿ ಇಣುಕಿ ಹೋದಳು.

"ಎಂತ, ಇನ್ನೂ ಆಗಲಿಲ್ವಾ? ಬೇಗ ಬರೀರಿ. ನನ್ನ ಉತ್ತರ ನಿನ್ನೆಯೇ ತಯಾರಾಗಿ ಉಂಟು."