ಮೂರು ಚುಕ್ಕೆಯ ತಗಡು

ಹೆಂಡತಿ ಹುಟ್ಟಿದ ದಿನವನ್ನು ಮರೆಯುವ ಗಂಡಸರು ಬೇಕಾದಷ್ಟಿದ್ದಾರೆ. ಆದರೆ ಒಂದು ಕೋವಿ ಹುಟ್ಟಿದ ವರ್ಷ, ಕಾರ್ಖಾನೆ, ಪರೀಕ್ಷಕನ ಮುದ್ರೆ ಎಲ್ಲವನ್ನೂ ನಿದ್ದೆಗಣ್ಣಲ್ಲೂ ಒಪ್ಪಿಸಿ, ಹೆಂಡತಿಯದನ್ನು ಮಾತ್ರ ಮರೆಯುವ ಮಹಾನುಭಾವರು ಇವರೊಬ್ಬರೇ. ನಿವೃತ್ತ ಗುಮಾಸ್ತರು. ಹಿತ್ತಾಳೆ ಹಿಡಿಯ ಭೂತಗನ್ನಡಿಯೊಂದು ಸದಾ ಕೈಯಲ್ಲಿರುವುದರಿಂದ ಬೀದಿಯವರು ಇವರಿಗೆ ಇಟ್ಟ ಹೆಸರೂ ಭೂತಗನ್ನಡಿ.

ಕೋವಿ ಅವರ ಅಜ್ಜ ಸೈನ್ಯದಲ್ಲಿ ಹೊತ್ತದ್ದು. ಗುಂಡು ಹಾರದಂತೆ ನಳಿಗೆಯನ್ನು ಎಂದೋ ಮುಚ್ಚಿಸಿದ್ದಾಗಿತ್ತು. ಭಾಗಗಳೆಲ್ಲ ಅಸಲಿಯಾಗಿದ್ದರೆ ಅಜ್ಜನ ಹೆಸರು ಬರೆದು ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ, ಒಂದು ಕಲಬೆರಕೆಯಿದ್ದರೂ ಬೇಡ ಎಂದು ವಸ್ತುಸಂಗ್ರಹಾಲಯದವರು ಹೇಳಿದ್ದರು. ಅಜ್ಜನ ಹೆಗಲ ಮೇಲೆ ಕೂತು ಬೆಳೆದ ಭೂತಗನ್ನಡಿಗೆ ಬದುಕಿನಲ್ಲಿ ಉಳಿದ ಆಸೆ ಅದೊಂದೇ.

ಅಸಲಿಯನ್ನು ಗುರುತಿಸುವ ಬಗೆ ಸರಳ. ಕೋವಿಯ ನಂಬರಿನ ಕೊನೆಯ ಎರಡು ಅಂಕಿ, ನಲವತ್ತೇಳು, ಪ್ರತಿ ಭಾಗದ ಮೇಲೂ ಒತ್ತಿರಬೇಕು. ನಳಿಗೆಯ ಮೇಲಿತ್ತು, ಬೋಲ್ಟಿನ ಮೇಲಿತ್ತು, ಇರುವೆಯ ಕಣ್ಣಿಗೂ ಬೀಳದಂಥ ತಿರುಪಿನ ತಲೆಯ ಮೇಲೂ ಇತ್ತು. ಹೆಗಲಿಗೆ ಆನಿಸುವ ತುದಿಯ ತಗಡಿನಲ್ಲಿ ಮಾತ್ರ ನಂಬರಿಲ್ಲ. ಒಳಮೈಯಲ್ಲಿ ಮೂರು ಚುಕ್ಕೆಗಳಿದ್ದವು, ಅಷ್ಟೇ.

ಬೇರೆಯವರಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಇವರು ಸಂಶೋಧನೆಗೆ ಇಳಿದರು. ಊಟದ ಮೇಜಿಗೆ ಅಂಟಿಕೊಂಡು 'ತ್ರಿಬಿಂದು ಮುದ್ರೆ: ಸೇನಾ ಪರೀಕ್ಷಕರ ಒಂದು ಗುಪ್ತ ಪರಂಪರೆ' ಎಂಬ ಹನ್ನೆರಡು ಪುಟದ ಪ್ರಬಂಧ ಶುರು ಮಾಡಿದರು.

"ರೀ, ಮೇಜು ಬಿಡ್ತೀರಾ? ತಟ್ಟೆ ಇಡ್ಬೇಕು."

"ಇಲ್ಲಿ ಇತಿಹಾಸ ಬರೀತಿದೀನಿ, ನಿನಗೆ ತಟ್ಟೆ ಚಿಂತೆ! ನೋಡು, ಈ ಮೂರು ಚುಕ್ಕೆ..."

ಆಕೆ ತಗಡನ್ನು ನೋಡಿದಳು. "ಅಯ್ಯೋ, ಇದಾ? ಇದು..."

"ನಿನಗೆ ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕ್ಬೇಡ."

ಆಕೆ ಹಾಕಲಿಲ್ಲ. ಮೂರು ತಿಂಗಳು ಹಾಕಲೇ ಇಲ್ಲ. (ಅಂಥ ಮೌನ ಕಂಡರೆ ಜಾಣ ಗಂಡಸರು ಹೆದರುತ್ತಾರೆ. ಇವರು ಪುಟ ತಿರುಗಿಸಿದರು.)

ಕೊನೆಗೆ ಸಂಗ್ರಹಾಲಯದ ಅಧಿಕಾರಿಣಿ ಬಂದರು. ಭೂತಗನ್ನಡಿ ಹನ್ನೆರಡು ಪುಟವನ್ನೂ ಗಟ್ಟಿಯಾಗಿ ಓದಿದರು. ಅಧಿಕಾರಿಣಿ ತಾಳ್ಮೆಯಿಂದ ಕೇಳುತ್ತ, ಚಹಾಕ್ಕೆ ಸಕ್ಕರೆ ಕಲಕುತ್ತಿದ್ದವರು ತಟ್ಟನೆ ನಿಲ್ಲಿಸಿ ಚಮಚವನ್ನು ಬೆಳಕಿಗೆ ಹಿಡಿದರು.

"ನಿಮ್ಮ ಚಮಚಾನೂ ಸೈನ್ಯದಲ್ಲಿತ್ತಾ ಸರ್?"

ಚಮಚದ ಹಿಡಿಯಲ್ಲಿ ಮೂರು ಚುಕ್ಕೆ! ಸಕ್ಕರೆ ಡಬ್ಬಿಯ ಮುಚ್ಚಳದಲ್ಲಿ, ಟ್ರೇಯ ಅಂಚಿನಲ್ಲಿ, ಕೊನೆಗೆ ಮೂರು ತಿಂಗಳಿಂದ ಮನೆಯ ಯಜಮಾನರ ಹೆಬ್ಬೆರಳ ಕೆಳಗೇ ಇದ್ದ ಭೂತಗನ್ನಡಿಯ ಹಿತ್ತಾಳೆ ಹಿಡಿಯಲ್ಲೂ ಮೂರು ಚುಕ್ಕೆ.

"ಈಗ ಬಾಯಿ ಹಾಕ್ಬಹುದಾ?" ಎಂದು ಹೆಂಡತಿ ಕೇಳಿದಳು. "ಮಹಡಿ ಮೇಲಿರೋ ಓರಗಿತ್ತಿ ಸಾಮಾನಿನ ಜೊತೆ ಬೆರೀಬಾರ್ದು ಅಂತ ನಮ್ಮನೇದಕ್ಕೆಲ್ಲ ನಾನೇ ಮೊಳೆಯಲ್ಲಿ ಚುಕ್ಕೆ ಹೊಡೀತೀನಿ. ಆರು ವರ್ಷದ ಹಿಂದೆ ಧೂಳು ಹೊಡೀವಾಗ ಕೋವಿಯ ಅಸಲಿ ತಗಡು ಕಳಚಿ ಬಿದ್ದು ಎಲ್ಲೋ ಸೇರಿಹೋಯ್ತು. ನೀವು ಕೂಗಾಡ್ತೀರಿ ಅಂತ, ಹಳೇ ಕಾವಲಿ ಕೊಟ್ಟು ವೆಲ್ಡಿಂಗ್ ಅಂಗಡೀಲಿ ಹಾಗೇ ಒಂದು ಮಾಡಿಸ್ದೆ."

ಭೂತಗನ್ನಡಿಯವರು ಪ್ರಬಂಧವನ್ನು ಮೇಜಿನ ಮೇಲಿಟ್ಟರು. ಗಾಜಿನ ಪೆಟ್ಟಿಗೆ ಹೋಯಿತು, ಅಜ್ಜನ ಹೆಸರೂ ಹೋಯಿತು. "ಅಸಲಿ ತಗಡು ಸಿಗಲೇ ಇಲ್ವೇನೇ?" ಎಂದರು.

"ಆಮೇಲೆ ಸಿಕ್ತಪ್ಪ. ಅಷ್ಟರಲ್ಲಿ ಇದನ್ನ ಕೂರಿಸಿ ಆಗಿತ್ತಲ್ಲ." ಆಕೆ ಬಗ್ಗಿ, ಮೇಜನ್ನು ತುಸು ಎತ್ತಿ, ಕುಂಟು ಕಾಲಿನ ಅಡಿಯಿಂದ ಒಂದು ತಗಡು ಎಳೆದು ಸೆರಗಿನಲ್ಲಿ ಒರೆಸಿದಳು. ನಲವತ್ತೇಳು.

ಅಧಿಕಾರಿಣಿ ಅದನ್ನು ಕೋವಿಗೆ ಹಿಡಿದು ನೋಡಿದರು. ತಿರುಪಿನ ತೂತುಗಳು ಸರಿಯಾಗಿ ಕೂತವು. "ಅಜ್ಜನ ಹೆಸರು ಖಂಡಿತ ಹಾಕ್ತೀವಿ. ಜೊತೆಗೆ, ಅಸಲಿ ತಗಡನ್ನ ಕಾಪಾಡಿಕೊಟ್ಟವರು ಅಂತ ನಿಮ್ಮ ಹೆಸರೂ ಹಾಕ್ತೀವಿ ಅಮ್ಮಾ," ಎಂದು ಬರೆದುಕೊಂಡರು.

ಭೂತಗನ್ನಡಿಯವರಿಗೆ ಸಂತೋಷದಲ್ಲಿ ಕಣ್ಣು ತುಂಬಿತು. ಕೂತಲ್ಲೇ ಮೊಣಕೈ ಊರಿದರು. ಮೇಜು ವಾಲಿ, ಚಹಾ ಚೆಲ್ಲುವುದರಲ್ಲಿತ್ತು. ಹೆಂಡತಿ ಅತ್ತಿತ್ತ ನೋಡಿದಳು, ಪ್ರಬಂಧವನ್ನೆತ್ತಿ ನಾಲ್ಕಾಗಿ ಮಡಿಸಿ ಕುಂಟು ಕಾಲಿನ ಅಡಿಗೆ ತುರುಕಿದಳು.

"ನೋಡಿ, ಹನ್ನೆರಡು ಪುಟ ಹೇಗೆ ಸರಿಹೋಯ್ತು! ಇನ್ನೊಂದು ಪುಟ ಹೆಚ್ಚು ಬರೆದಿದ್ರೆ ಮೇಜು ಆ ಕಡೆ ವಾಲ್ತಿತ್ತು."