ಗುದ್ದಿದ ಕಾರಿನಲ್ಲೇ ಕೋರ್ಟಿಗೆ

ನಮ್ಮ ಯಜಮಾನರ ಸೋದರಮಾವನಂಥ ಕಕ್ಷಿದಾರ ಎದುರು ವಕೀಲರಿಗೆ ಹಬ್ಬ, ಸ್ವಂತ ವಕೀಲರಿಗೆ ತಲೆಶೂಲೆ!

ಅಕ್ಕಿಆಲೂರಿನ ಸಂತೆಯಿಂದ ಬದನೆಕಾಯಿ ಚೀಲ ಹಿಡಿದು ರಸ್ತೆಯಂಚಿನಲ್ಲಿ ಬರುತ್ತಿದ್ದ ಮಾವನಿಗೆ ಬಾಡಿಗೆ ಕಾರೊಂದು ಗುದ್ದಿ ಬಲಗಾಲು ಮುರಿಯಿತು. ಇನ್ನೊಂದು ಆಪರೇಷನ್ ಆಗದಿದ್ದರೆ ಬದುಕಿಡೀ ಕೋಲೇ ಗತಿ ಎಂದರು ಡಾಕ್ಟರು. ಅದರ ಖರ್ಚಿಗೆ ವಿಮೆ ಕಂಪನಿಯ ಪರಿಹಾರವೊಂದೇ ದಾರಿ. ಸರಿ, ಹಾನಗಲ್ಲಿನ ಕೋರ್ಟಿನಲ್ಲಿ ಕೇಸು ಬಿತ್ತು. ಡ್ರೈವರ್ ಅತಿವೇಗದಿಂದ, ಅಜಾಗರೂಕತೆಯಿಂದ ಓಡಿಸಿದನೆಂದು ಮಾವ ಗಟ್ಟಿಯಾಗಿ ಸಾಕ್ಷಿ ಹೇಳಬೇಕು. ವಕೀಲರು ಅವರಿಗೆ ಇದನ್ನೇ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು.

ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಮಾವ ಹಾನಗಲ್ಲಿನ ನಮ್ಮ ಮನೆಗೆ ಬಂದಿಳಿದರು. ಯಾವುದರಲ್ಲಿ ಅಂತೀರಿ? ಅದೇ ಕಾರಿನಲ್ಲಿ! ಬಂಪರಿನ ತಗ್ಗು ಕೂಡ ಹಾಗೇ ಇತ್ತು. ಓಡಿಸಿಕೊಂಡು ಬಂದವನೂ ಅದೇ ಡ್ರೈವರ್!

"ಯವ್ವಾ, ಎರಡು ಬಜ್ಜಿ ಹೆಚ್ಚಿಗಿ ಕರಿ," ಎಂದರು ಮಾವ. ವೈರಿಯನ್ನು ಪ್ರೀತಿಸು ಎಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಮೆಣಸಿನಕಾಯಿ ಬಜ್ಜಿ ಕರಿದು ಹಾಕೆಂದು ಯಾರೂ ಹೇಳಿರಲಿಲ್ಲ. ಮಾವ ದೊಡ್ಡ ಬಜ್ಜಿ ಆರಿಸಿ ಅವನ ತಟ್ಟೆಗೇ ಸರಿಸುತ್ತಿದ್ದರು. ಅಷ್ಟರಲ್ಲಿ ಬಂದ ನಮ್ಮ ವಕೀಲರು ಚಹಾ ಮುಟ್ಟಲೇ ಇಲ್ಲ.

"ಇವನ ಮ್ಯಾಲೇ ಅಲ್ಲೇನ್ರಿ ನಮ್ಮ ಕೇಸು?"

"ಹೌದ್ರಿ. ಕೇಸು ಕೋರ್ಟಿನ್ಯಾಗ. ಇದು ನಾಷ್ಟಾ."

ಕಂಪನಿಯ ವಕೀಲರಿಗೆ ಈ ಸುದ್ದಿ ಹೇಗೆ ತಲುಪಿತೋ! ಮಾವ ಕಟಕಟೆ ಹತ್ತಿದೊಡನೆ, ಇವತ್ತು ಹೇಗೆ ಬಂದಿರಿ ಎಂಬುದೇ ಅವರ ಮೊದಲ ಪ್ರಶ್ನೆ. ಮಾವ ಇದ್ದದ್ದು ಇದ್ದಂತೆ ಹೇಳಿದರು. ಕೋರ್ಟು ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ನನಗೆ ನಮ್ಮ ವಕೀಲರ ಕಿವಿ ಕೆಂಪಾಗುವುದು ಕಾಣುತ್ತಿತ್ತು.

"ಹಂಗಾದ್ರ ಅವ ಚಲೋ ಡ್ರೈವರ್ ಅಂದಂಗಾತು?"

"ಈಗ ಚಲೋ. ಅವತ್ತ ಕಿವಿಗಿ ಫೋನ್ ಹಚಗೊಂಡು ಹುಚ್ಚನಂಗ ಓಡಿಸಿದ. ರಸ್ತೆ ಬಿಟ್ಟು ನನ್ನ ಮ್ಯಾಲ ಬಂದ. ಬೇಕಾದ್ರ ಅವನ್ನ ಕೇಳ್ರಿ, ಹೊರಗ ನಿಂತಾನ."

ನ್ಯಾಯಾಧೀಶರು ತಲೆಯೆತ್ತಿದರು. ಹಾಗಿದ್ದರೆ ಅದೇ ಕಾರನ್ನು ಯಾಕೆ ಹತ್ತಿದಿರಿ ಎಂದು ಅವರೇ ಕೇಳಿದರು.

ಮಾವ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಆಮ್ಯಾಲ ಸ್ಟೇರಿಂಗ್ ಹಿಡಿದ್ರ ಅವನ ಕೈ ನಡಗ್ತಿದ್ವು ಸಾಹೇಬ್ರ. ಗಾಡಿ ಬಿಟ್ಟು ಮನಿ ಹಿಡಿದ. ಸಣ್ಣ ಮಕ್ಕಳದಾವು. ನಾ ಮಗ್ಗಲಕ್ಕ ಕುಂದರ್ತೇನಿ, ನೀ ಓಡಸು ಅಂದೆ."

ಯಾರೂ ನಗಲಿಲ್ಲ. ಆ ಸಾಕ್ಷಿಯ ಮೇಲೆಯೇ ಮುಂದೆ ಪರಿಹಾರ ಬಂತು, ಆಪರೇಷನ್ನೂ ಆಯಿತು. ಆದರೆ ಅಂದು ಅದಾವುದೂ ಗೊತ್ತಿರಲಿಲ್ಲ. ಮಾವ ಹೊರಗೆ ಬಂದು, ಮುರಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಕಾರಿನೊಳಗಿಟ್ಟುಕೊಂಡು, ಅವನ ಪಕ್ಕದಲ್ಲಿ ಕುಳಿತರು.

"ಅವಸರಿಲ್ಲೋ ತಮ್ಮಾ," ಎಂದರು, "ನಿನ್ನ ಕೈ ನಡಗೂದು ನಿಂತ ಮ್ಯಾಲ ಹೋಗೂನು."